ಗೋಡೆ ಯಾರದು, ಚರಿತ್ರೆ ಯಾರದು: ಜೂಡಿ ಬಾಕಾ ಮತ್ತು ಲಾಸ್ ಏಂಜಲೀಸಿನ ಭಿತ್ತಿಚಿತ್ರಗಳು

ಲಾಸ್ ಏಂಜಲೀಸಿನ ಸ್ಯಾನ್ ಫರ್ನಾಂಡೋ ಕಣಿವೆಯಲ್ಲಿ ಟುಹುಂಗಾ ವಾಶ್ ಎಂಬ ಪ್ರವಾಹ ಕಾಲುವೆಯೊಂದಿದೆ. ಮಳೆ ಸುರಿಯುವ ದಿನಗಳನ್ನು ಬಿಟ್ಟರೆ ವರ್ಷವಿಡೀ ಹೆಚ್ಚುಕಡಿಮೆ ಬರಿದಾಗಿಯೇ ಇರುವ ಈ ಕಾಂಕ್ರೀಟ್ ಕಾಲುವೆಯ ಗೋಡೆಯ ಮೇಲೆ 13 ಅಡಿ ಎತ್ತರದ, 2,754 ಅಡಿ ಉದ್ದದ, ಅಂದರೆ ಅರ್ಧ ಮೈಲಿಗೂ ಮಿಕ್ಕ ಭಿತ್ತಿಚಿತ್ರವಿದೆ. ಇತಿಹಾಸಪೂರ್ವ ಕಾಲದ ಪ್ರಾಣಿಗಳಿಂದ ಆರಂಭವಾಗಿ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಅದು ಕ್ಯಾಲಿಫೋರ್ನಿಯಾದ ಚರಿತ್ರೆಯನ್ನು ಹೇಳುತ್ತದೆ. ಪಠ್ಯಪುಸ್ತಕಗಳು ಬಿಟ್ಟುಬಿಟ್ಟ ಮೂಲನಿವಾಸಿಗಳು, ಮೆಕ್ಸಿಕನ್ ಮೂಲದವರು, ಕಪ್ಪು ಜನರು, ಜಪಾನಿ ಮತ್ತು ಚೀನೀ ವಲಸಿಗರು ಆ ಕಥೆಯ ಮುಖ್ಯ ಪಾತ್ರಗಳು. 'ಲಾಸ್ ಏಂಜಲೀಸಿನ ಮಹಾಗೋಡೆ' ಎಂದು ಪ್ರಸಿದ್ಧವಾಗಿರುವ ಈ ಕೃತಿಯನ್ನು ರೂಪಿಸಿದವರು ಮೆಕ್ಸಿಕನ್ ಅಮೆರಿಕನ್ ಕಲಾವಿದೆ ಜೂಡಿತ್ ಬಾಕಾ. ಎಲ್ಲರ ಬಾಯಲ್ಲಿ ಅವರು ಜೂಡಿ ಬಾಕಾ.

ಈ ಗೋಡೆಯ ಬಗ್ಗೆ ಈಗ ಬರೆಯಬೇಕಾಗಿ ಬಂದಿರುವುದಕ್ಕೆ ಕಾರಣಗಳಿವೆ. ನಾಲ್ಕು ದಶಕಗಳ ಹಿಂದೆ ನಿಂತುಹೋದ ಚಿತ್ರವನ್ನು ನಮ್ಮ ಕಾಲದವರೆಗೆ ಮುಂದುವರಿಸುವ ಕೆಲಸ ನಡೆಯುತ್ತಿದೆ. 2021ರಲ್ಲಿ ಮೆಲನ್ ಫೌಂಡೇಶನ್ ಇದಕ್ಕಾಗಿ 50 ಲಕ್ಷ ಡಾಲರ್ ನೀಡಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ವೇಳೆಗೆ ವಿಸ್ತರಣೆ ಮುಗಿಯಬೇಕೆಂಬುದು ಯೋಜನೆಯ ಗುರಿ. ಇದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಯಾವ ಚರಿತ್ರೆ ಕಾಣಬೇಕು, ಯಾವುದು ಮರೆಯಾಗಬೇಕು ಎಂಬ ಜಗಳ ಸರ್ಕಾರದ ಮಟ್ಟಕ್ಕೇರಿದೆ. 2025ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ರಸ್ತೆಯ ಮೇಲೆ ಬರೆದಿದ್ದ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಎಂಬ ಭಾರೀ ಅಕ್ಷರಗಳನ್ನು ಕಿತ್ತುಹಾಕಲಾಯಿತು. ಅದೇ ತಿಂಗಳ ಕೊನೆಯಲ್ಲಿ ಒಕ್ಕೂಟದ ಸಂಗ್ರಹಾಲಯಗಳು ಮತ್ತು ಸ್ಮಾರಕಗಳು ದೇಶದ ಚರಿತ್ರೆಯನ್ನು ಹೇಗೆ ಹೇಳಬೇಕೆಂಬ ಬಗ್ಗೆ ಅಧ್ಯಕ್ಷ ಟ್ರಂಪ್ ಆದೇಶವನ್ನೇ ಹೊರಡಿಸಿದರು. ಇಂಥ ವೇಳೆಯಲ್ಲಿ ಬಯಲಿನಲ್ಲಿ, ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿರುವ ಗೋಡೆಯ ಚಿತ್ರವನ್ನು ಯಾವುದು ಉಳಿಸುತ್ತದೆ? ಬಾಕಾ ಅವರ ಬದುಕನ್ನು ನೋಡಿದರೆ, ಬಣ್ಣದ ಗುಣಮಟ್ಟಕ್ಕಿಂತ, ಕಾನೂನಿನ ಕಲಮಿಗಿಂತ ಹೆಚ್ಚಾಗಿ ಆ ಚಿತ್ರ ಯಾರ ಕೈಯಿಂದ ಹೇಗೆ ಮೂಡಿತು ಎಂಬುದೇ ಅದನ್ನು ಉಳಿಸುತ್ತದೆ ಎಂದು ನನಗೆ ಅನಿಸುತ್ತದೆ.

ಬಾಕಾ ಹುಟ್ಟಿದ್ದು 1946ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಅವರ ಅಜ್ಜ ಅಜ್ಜಿ ಮೆಕ್ಸಿಕೋ ಕ್ರಾಂತಿಯ ಕಾಲದಲ್ಲಿ ಊರು ಬಿಟ್ಟು ಗಡಿ ದಾಟಿ ಕೊಲೊರಾಡೋದ ಲಾ ಹುಂಟಾ ಎಂಬಲ್ಲಿ ನೆಲೆಸಿದವರು. ವಾಟ್ಸ್ ಬಡಾವಣೆಯಲ್ಲಿ ತಾಯಿ, ಚಿಕ್ಕಮ್ಮಂದಿರು ಮತ್ತು ಅಜ್ಜಿ ಫ್ರಾನ್ಸಿಸ್ಕಾ ಅವರಿದ್ದ, ಹೆಂಗಸರೇ ನಡೆಸುತ್ತಿದ್ದ ಮನೆಯಲ್ಲಿ ಅವರು ಬೆಳೆದರು. ಅಜ್ಜಿ ನಾಟಿ ಔಷಧಿ ಬಲ್ಲವರು. ನೆರೆಹೊರೆಯವರು ಕಾಯಿಲೆ ಕಸಾಲೆಗೆ ಅವರ ಬಳಿಗೇ ಬರುತ್ತಿದ್ದರು. ತಾಯಿಗೆ ಮದುವೆಯಾದ ಮೇಲೆ ಕುಟುಂಬ ಸ್ಯಾನ್ ಫರ್ನಾಂಡೋ ಕಣಿವೆಯ ಪಕೋಯ್ಮಾ ಬಡಾವಣೆಗೆ ಹೋಯಿತು. ಅಲ್ಲಿನ ಶಾಲೆಯಲ್ಲಿ ಸ್ಪ್ಯಾನಿಶ್ ಮಾತಾಡುವಂತಿರಲಿಲ್ಲ. ಇಂಗ್ಲಿಷ್ ಬಾರದ ಆ ಮಗುವನ್ನು ಶಿಕ್ಷಕಿಯೊಬ್ಬರು ತರಗತಿಯ ಮೂಲೆಯಲ್ಲಿ ಚಿತ್ರ ಬರೆಯಲು ಕೂರಿಸುತ್ತಿದ್ದರಂತೆ. ಬಾಕಾ ಮುಂದೆ ಅನೇಕ ಸಂದರ್ಶನಗಳಲ್ಲಿ ಈ ಸಂಗತಿಯನ್ನು ನೆನೆದಿದ್ದಾರೆ. ಭಾಷೆ ಕಸಿದುಕೊಂಡ ಜಾಗದಲ್ಲೇ ಬಣ್ಣ ಕೈಗೆ ಸಿಕ್ಕಿತು ಎಂಬುದು ಅವರ ಇಡೀ ಕೆಲಸಕ್ಕೆ ಹಿನ್ನೆಲೆಯಾಗಿದೆ.

1969ರಲ್ಲಿ ಕಲೆಯಲ್ಲಿ ಪದವಿ ಪಡೆದ ಅವರು ತಾವು ಓದಿದ ಕ್ಯಾಥೊಲಿಕ್ ಪ್ರೌಢಶಾಲೆಯಲ್ಲೇ ಕಲಿಸಲು ಸೇರಿದರು. ವಿಯೆಟ್ನಾಂ ಯುದ್ಧದ ವಿರುದ್ಧ ನಡೆದ ಪ್ರತಿಭಟನೆಗಳಲ್ಲಿ ಭಾಗವಹಿಸಿದ್ದಕ್ಕೆ ಕೆಲವು ಸಹೋದ್ಯೋಗಿಗಳ ಜೊತೆ ಅವರ ಕೆಲಸವೂ ಹೋಯಿತು. ಆಮೇಲೆ ನಗರದ ಉದ್ಯಾನ ಮತ್ತು ಮನರಂಜನಾ ಇಲಾಖೆ ಅವರನ್ನು ಬಾಯ್ಲ್ ಹೈಟ್ಸ್ ಭಾಗದ ಉದ್ಯಾನಗಳಲ್ಲಿ ಮಕ್ಕಳಿಗೆ, ಮುದುಕರಿಗೆ ಚಿತ್ರಕಲೆ ಕಲಿಸಲು ನೇಮಿಸಿತು. ಆ ಉದ್ಯಾನಗಳಲ್ಲಿ ಹೊತ್ತು ಕಳೆಯುತ್ತಿದ್ದ ಹದಿಹರೆಯದ ಹುಡುಗರು ಬೇರೆ ಬೇರೆ ಗ್ಯಾಂಗುಗಳಿಗೆ ಸೇರಿದವರು. ಒಬ್ಬರ ಬೀದಿಗೆ ಇನ್ನೊಬ್ಬರು ಕಾಲಿಟ್ಟರೆ ಹೊಡೆದಾಟ. ಮೈಮೇಲೆ ಹಚ್ಚೆ, ಗೋಡೆಯ ಮೇಲೆ ಗೀಚುಬರಹ, ಎರಡರಲ್ಲೂ ಅವರು ತಮ್ಮ ಹೆಸರನ್ನು ಊರಿಗೆ ಸಾರುತ್ತಿದ್ದರು. ಗೋಡೆ ಈ ಹುಡುಗರ ಪತ್ರಿಕೆ ಎಂಬುದನ್ನು ಬಾಕಾ ಬೇಗನೆ ಗ್ರಹಿಸಿದರು. ಜಗಳವಾಡುತ್ತಿದ್ದ ಗುಂಪುಗಳಿಂದಲೇ ಸುಮಾರು ಇಪ್ಪತ್ತು ಮಂದಿಯನ್ನು ಒಟ್ಟುಗೂಡಿಸಿ 1970ರಲ್ಲಿ ಹಾಲೆನ್‌ಬೆಕ್ ಉದ್ಯಾನದ ಸಂಗೀತ ಮಂಟಪದ ಮೇಲೆ ಮೊದಲ ಭಿತ್ತಿಚಿತ್ರ ಬರೆಸಿದರು.

ಅದರ ಹೆಸರು 'ಮಿ ಆಬ್ವೆಲಿತಾ', ನನ್ನ ಅಜ್ಜಿ. ಮಂಟಪದ ಮೂರು ಗೋಡೆಗಳನ್ನೂ ಬಳಸಿ, ತಬ್ಬಿಕೊಳ್ಳಲು ಬಂದಂತೆ ಎರಡೂ ತೋಳು ಚಾಚಿದ ಅಜ್ಜಿಯ ಚಿತ್ರ. ಕೆಲಸ ನಡೆಯುವಾಗ ಎದುರು ಗ್ಯಾಂಗಿನವರು ಬಂದರೆ ಎಚ್ಚರಿಸಲು ಕಾವಲು ನಿಲ್ಲಿಸಬೇಕಾಗಿತ್ತು. ಮುಗಿದ ಮೇಲೆ ಆ ಜಾಗಕ್ಕೆ ಜನ ಹೂವು, ಮೇಣದಬತ್ತಿ ತಂದಿಟ್ಟರು. ಅಜ್ಜಿಯನ್ನು ಯಾರೂ ಶತ್ರು ಎನ್ನಲಾರರು ಎಂಬ ಲೆಕ್ಕಾಚಾರ ಈ ಆಯ್ಕೆಯ ಹಿಂದಿತ್ತೋ ಏನೋ, ಅಂತೂ ಪರಿಣಾಮ ಹಾಗೆಯೇ ಆಯಿತು. ಇಲಾಖೆಯ ಮುಖ್ಯಸ್ಥರ ಗಮನ ಸೆಳೆದ ಈ ಪ್ರಯತ್ನ ಮುಂದೆ 1974ರಲ್ಲಿ ನಗರವ್ಯಾಪಿ ಭಿತ್ತಿಚಿತ್ರ ಯೋಜನೆಯಾಗಿ ಬೆಳೆದು, ಅದರಡಿಯಲ್ಲಿ 400ಕ್ಕೂ ಹೆಚ್ಚು ಚಿತ್ರಗಳು ಮೂಡಿದವು.

ಸರ್ಕಾರದ ಹಣದಲ್ಲಿ ಬರೆಯುವಾಗ ವಿಷಯದ ಮೇಲೆ ಸರ್ಕಾರದ ಕಣ್ಣು ಬೀಳುವುದು ತಪ್ಪಲಿಲ್ಲ. ಯಾರಿಗೂ ನೋವಾಗದ, ಯಾರೂ ಪ್ರಶ್ನಿಸದ ಚಿತ್ರ ಬೇಕೆಂಬ ಒತ್ತಡ ಬಂದಾಗ ಬಾಕಾ 1976ರಲ್ಲಿ ಕ್ರಿಸ್ಟಿನಾ ಶ್ಲೆಸಿಂಗರ್ ಮತ್ತು ಡೊನ್ನಾ ಡೀಚ್ ಅವರೊಂದಿಗೆ ಸೇರಿ 'ಸ್ಪಾರ್ಕ್' ಎಂಬ ಸಾರ್ವಜನಿಕ ಕಲಾ ಕೇಂದ್ರವನ್ನು ಕಟ್ಟಿದರು. ಅದು ನೆಲೆಯೂರಿದ್ದು ವೆನಿಸ್ ಬಡಾವಣೆಯ ಹಳೆಯ ಪೊಲೀಸ್ ಠಾಣೆಯಲ್ಲಿ, ಲಾಕಪ್ ಕೋಣೆಗಳು ಹಾಗೆಯೇ ಇದ್ದ ಕಟ್ಟಡದಲ್ಲಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕ್ರಾಂತಿಯ ನಂತರ, 1920ರ ದಶಕದಲ್ಲಿ ಮೆಕ್ಸಿಕೋ ಸರ್ಕಾರ ಓದುಬರಹ ಬಾರದ ಜನಕ್ಕೂ ದೇಶದ ಚರಿತ್ರೆ ತಲುಪಲೆಂದು ಸಾರ್ವಜನಿಕ ಕಟ್ಟಡಗಳ ಗೋಡೆಗಳನ್ನು ಕಲಾವಿದರಿಗೆ ಒಪ್ಪಿಸಿತು. ಡಿಯೇಗೊ ರಿವೇರಾ, ಹೊಸೆ ಕ್ಲೆಮೆಂತೆ ಒರೋಸ್ಕೊ, ಡೇವಿಡ್ ಆಲ್ಫಾರೊ ಸಿಕೇರೋಸ್ ಆ ಚಳವಳಿಯ ಮೂವರು ದಿಗ್ಗಜರು. ಇವರಲ್ಲಿ ಸಿಕೇರೋಸ್ 1932ರಲ್ಲಿ ಲಾಸ್ ಏಂಜಲೀಸಿಗೆ ಬಂದು, ನಗರದ ಹಳೆಯ ಭಾಗವಾದ ಓಲ್ವೇರಾ ಬೀದಿಯ ಕಟ್ಟಡವೊಂದರ ಮೇಲೆ 'ಅಮೆರಿಕಾ ಟ್ರಾಪಿಕಲ್' ಎಂಬ ಚಿತ್ರ ಬರೆದರು. ಪ್ರವಾಸಿಗರಿಗೆ ಬಣ್ಣಬಣ್ಣದ ಮೆಕ್ಸಿಕೋ ತೋರಿಸಲು ಸಜ್ಜುಗೊಳಿಸಿದ್ದ ಬೀದಿಯದು. ಬರೆಸಿದವರ ನಿರೀಕ್ಷೆ ಹಚ್ಚ ಹಸಿರು ಕಾಡಿನ ಚೆಲುವಿನ ಚಿತ್ರ. ಕೊನೆಗೆ ಅನಾವರಣಗೊಂಡಾಗ ಕಂಡದ್ದು ಶಿಲುಬೆಗೇರಿಸಿದ ಮೂಲನಿವಾಸಿ ಮತ್ತು ಅವನ ತಲೆಯ ಮೇಲೆ ರೆಕ್ಕೆ ಬಿಚ್ಚಿ ಕೂತ ಹದ್ದು. ಬೀದಿಗೆ ಕಾಣುವ ಭಾಗಕ್ಕೆ ಬೇಗನೆ ಬಿಳಿ ಬಣ್ಣ ಹೊಡೆದರು, ಕೆಲವೇ ವರ್ಷಗಳಲ್ಲಿ ಇಡೀ ಚಿತ್ರ ಮುಚ್ಚಿಹೋಯಿತು. 1960ರ ದಶಕದ ಕೊನೆಗೆ, ತಮ್ಮನ್ನು ಚಿಕಾನೊ ಎಂದು ಕರೆದುಕೊಂಡು ಮೆಕ್ಸಿಕನ್ ಅಮೆರಿಕನ್ನರು ಹಕ್ಕಿಗಾಗಿ ಬೀದಿಗಿಳಿದಿದ್ದ ಹೊತ್ತಿನಲ್ಲೇ, ಆ ಬಿಳಿ ಬಣ್ಣ ಬಿಸಿಲಿಗೆ ಹಪ್ಪಳೆಯಾಗಿ ಉದುರಿ ಕೆಳಗಿನ ಚಿತ್ರ ಮತ್ತೆ ಇಣುಕತೊಡಗಿತು. ಗೆಟ್ಟಿ ಸಂರಕ್ಷಣಾ ಸಂಸ್ಥೆ ಮತ್ತು ನಗರಾಡಳಿತ ಸೇರಿ ಅದನ್ನು ಜೋಪಾನ ಮಾಡಿ ಜನರಿಗೆ ತೆರೆದದ್ದು 2012ರಲ್ಲಿ, ಬರೆದು ಎಂಬತ್ತು ವರ್ಷಗಳ ನಂತರ. ಚಿಕಾನೊ ಕಲಾವಿದರಿಗೆ ಈ ಮುಚ್ಚಿದ ಗೋಡೆ ಎಚ್ಚರಿಕೆಯೂ ಹೌದು, ಪ್ರೇರಣೆಯೂ ಹೌದು.

ಮಹಾಗೋಡೆಯ ಕೆಲಸ ಬಾಕಾ ಅವರಿಗೆ ಬಂದದ್ದು ಅಮೆರಿಕ ಸೇನೆಯ ಎಂಜಿನಿಯರುಗಳ ವಿಭಾಗದಿಂದ, 1974ರಲ್ಲಿ. 1938ರ ಭಾರೀ ಪ್ರವಾಹದ ನಂತರ ಈ ವಿಭಾಗವೇ ಲಾಸ್ ಏಂಜಲೀಸ್ ನದಿಯನ್ನೂ ಅದರ ಉಪನದಿಗಳನ್ನೂ ಕಾಂಕ್ರೀಟಿನಲ್ಲಿ ಕಟ್ಟಿಹಾಕಿತ್ತು. ನದಿಯನ್ನು ಬೂದು ಕಾಲುವೆಯಾಗಿಸಿದ ಮೇಲೆ ಅದರ ಅಂಚನ್ನು ಚೆಂದಗೊಳಿಸುವ ಯೋಜನೆಯ ಭಾಗ ಇದು. ಕಾಂಕ್ರೀಟ್ ಕಾಲುವೆಯನ್ನು ಬಾಕಾ ನೆಲದ ಮೈಮೇಲಿನ ಗಾಯದ ಕಲೆಗೆ ಹೋಲಿಸಿದರು. ಇರಿತದ ಕಲೆಗಳ ಮೇಲೆ ಹಚ್ಚೆ ಹಾಕಿಸಿಕೊಂಡು ಅದನ್ನು ಅಂದಗಾಣಿಸಿದ ಬಾಯ್ಲ್ ಹೈಟ್ಸ್‌ನ ಯುವಕನೊಬ್ಬನನ್ನು ಅವರು ಬಲ್ಲವರಾಗಿದ್ದರು. ನದಿ ಹರಿದ ಜಾಗದ ಗಾಯಕ್ಕೆ ಹಾಕಿದ ಹಚ್ಚೆಯೇ ಈ ಗೋಡೆ ಎಂಬುದು ಅವರ ಮಾತು.

1976ರ ಬೇಸಿಗೆಯಲ್ಲಿ ಸುಮಾರು 80 ಹುಡುಗ ಹುಡುಗಿಯರೊಂದಿಗೆ ಕೆಲಸ ಆರಂಭವಾಯಿತು. ಅವರಲ್ಲಿ ಅನೇಕರು ಬಾಲ ನ್ಯಾಯಾಲಯದ ಮೆಟ್ಟಿಲು ಹತ್ತಿದವರು; ಬೇಸಿಗೆ ಉದ್ಯೋಗ ಯೋಜನೆಯಡಿ ಅವರಿಗೆ ಕೂಲಿಯೂ ಸಿಗುತ್ತಿತ್ತು. ಕಾಲುವೆಗೆ ನೀರು ಬರುವ ಕಾಲದಲ್ಲಿ ಕೆಲಸ ಸಾಧ್ಯವಿಲ್ಲ, ಹಾಗಾಗಿ ಬೇಸಿಗೆಯೇ ಗತಿ, ಬೇಸಿಗೆಯೆಂದರೆ ನೆರಳಿಲ್ಲದ ಕಾಂಕ್ರೀಟಿನ ನಡುವೆ ಕುದಿಯುವ ಬಿಸಿಲು. ಮೊದಲು ಮರಳಿನ ರಭಸದಿಂದ ಗೋಡೆಯ ಕೊಳೆ ತೆಗೆದು, ಬಿಳಿ ಬಣ್ಣದ ತಳಪಾಯ ಕೊಟ್ಟು, ಕಾಗದದ ಮೇಲಿನ ಚಿಕ್ಕ ನಕ್ಷೆಯನ್ನು ಚೌಕಗಳ ಲೆಕ್ಕದಲ್ಲಿ ಹಿಗ್ಗಿಸಿ ಗೋಡೆಗೆ ಇಳಿಸಿ, ಆಮೇಲೆ ಅಕ್ರಿಲಿಕ್ ಬಣ್ಣ ತುಂಬುತ್ತಿದ್ದರು. ಆ ಬೇಸಿಗೆಯಲ್ಲಿ ಸಾವಿರ ಅಡಿ ಮುಗಿಯಿತು. ಆದರೆ ಬೇರೆ ಬೇರೆ ಕಲಾವಿದರು ಒಂದೊಂದು ಭಾಗ ವಿನ್ಯಾಸಗೊಳಿಸಿದ್ದರಿಂದ ಅದು ಬಿಡಿ ಚಿತ್ರಗಳ ಸಾಲಿನಂತೆ ಕಾಣುತ್ತದೆ. ಈ ಕೊರತೆ ಅರಿತ ಬಾಕಾ 1977ರಲ್ಲಿ ಮೆಕ್ಸಿಕೋದ ಕುವೆರ್ನವಾಕಾದಲ್ಲಿದ್ದ ಸಿಕೇರೋಸ್ ಕಾರ್ಯಾಗಾರಕ್ಕೆ ಹೋಗಿ ಕಲಿತು ಬಂದರು. ಗೋಡೆಯನ್ನು ಗಣಿತದ ಅನುಪಾತಗಳಲ್ಲಿ ವಿಭಾಗಿಸಿ, ನಡೆಯುತ್ತಾ ಸಾಗುವ ನೋಡುಗನ ಕಣ್ಣಿಗೆ ಒಂದು ದೃಶ್ಯ ಇನ್ನೊಂದರೊಳಗೆ ಹರಿಯುವಂತೆ ಜೋಡಿಸುವ ವಿಧಾನ ಅದು. 1978, 1980, 1981 ಮತ್ತು 1983ರ ಬೇಸಿಗೆಗಳಲ್ಲಿ ಬರೆದ ಭಾಗಗಳಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. ಒಟ್ಟು 400ಕ್ಕೂ ಹೆಚ್ಚು ಯುವಜನರು, ಅವರ ಜೊತೆ ಕಲಾವಿದರು, ಇತಿಹಾಸಕಾರರು, ಘಟನೆಗಳನ್ನು ಕಣ್ಣಾರೆ ಕಂಡ ಹಿರಿಯರು ಇದರಲ್ಲಿ ಪಾಲ್ಗೊಂಡರು. ಬಣ್ಣ ಹಚ್ಚುವ ಮುನ್ನ ಆ ಘಟನೆಯ ಬಗ್ಗೆ ಕಲಿಯಬೇಕಿತ್ತು. ಎರಡನೆಯ ಮಹಾಯುದ್ಧದ ವೇಳೆ ಜಪಾನಿ ಅಮೆರಿಕನ್ನರನ್ನು ಶಿಬಿರಗಳಲ್ಲಿ ಕೂಡಿಹಾಕಿದ ಕಥೆ ಆ ಮಕ್ಕಳಲ್ಲಿ ಹಲವರಿಗೆ ಮೊದಲು ತಿಳಿದದ್ದು ಗೋಡೆಯ ಬುಡದಲ್ಲೇ.

1950ರ ದಶಕದ ಒಂದು ಭಾಗವನ್ನು ಹತ್ತಿರದಿಂದ ನೋಡೋಣ. ಅದು ಚಾವೆಜ್ ರವೀನ್ ಎಂಬ ಗುಡ್ಡದ ಕೊರಕಲಿನಲ್ಲಿದ್ದ ಮೆಕ್ಸಿಕನ್ ಅಮೆರಿಕನ್ ಬಡಾವಣೆಗಳ ಕಥೆ. ಸರ್ಕಾರಿ ವಸತಿ ಕಟ್ಟುತ್ತೇವೆಂದು ಅಲ್ಲಿನ ಜನರನ್ನು ಎಬ್ಬಿಸಿದರು, ವಸತಿ ಕಟ್ಟಲಿಲ್ಲ, ಕೊನೆಗೆ ಆ ನೆಲ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಪಾಲಾಯಿತು. 1959ರಲ್ಲಿ ಕೊನೆಯ ಕುಟುಂಬಗಳನ್ನು ಪೊಲೀಸರು ಎತ್ತಿ ಹೊರಹಾಕಿದರು, 1962ರಲ್ಲಿ ಕ್ರೀಡಾಂಗಣ ತೆರೆಯಿತು. ಚಿತ್ರದಲ್ಲಿ ಹೆದ್ದಾರಿಗಳ ಕಾಂಕ್ರೀಟ್ ಕಂಬಗಳು ಹೆಬ್ಬಾವಿನಂತೆ ಒಂದು ಸಂಸಾರವನ್ನು ಸುತ್ತಿಕೊಂಡು ಬೇರ್ಪಡಿಸಿವೆ. ಮೇಲಿನಿಂದ ಕ್ರೀಡಾಂಗಣ ಹಾರುವ ತಟ್ಟೆಯ ಹಾಗೆ ಇಳಿಯುತ್ತಿದೆ. ಕೆಳಗೆ ಪೊಲೀಸರು ಹೆಂಗಸೊಬ್ಬಳನ್ನು ಎಳೆದೊಯ್ಯುತ್ತಿದ್ದಾರೆ. ನಗರಯೋಜನೆಯ ಕಡತಗಳಲ್ಲಿ 'ಅಭಿವೃದ್ಧಿ' ಎಂದು ದಾಖಲಾದ ಪ್ರಕ್ರಿಯೆಯೊಂದು ಒಂದು ಮನೆಯವರ ಕುತ್ತಿಗೆಗೆ ಹೇಗೆ ಬಂತೆಂಬುದನ್ನು ಇಷ್ಟು ನೇರವಾಗಿ ಹೇಳುವ ಸಾರ್ವಜನಿಕ ಚಿತ್ರ ಅಪರೂಪ.

ಇನ್ನೊಂದು ಭಾಗ 1930ರ ದಶಕದ್ದು. ಆರ್ಥಿಕ ಮಹಾಕುಸಿತದ ವೇಳೆ ಕೆಲಸ ಕಸಿಯುತ್ತಿದ್ದಾರೆಂಬ ಆರೋಪ ಹೊರಿಸಿ ಲಕ್ಷಾಂತರ ಮೆಕ್ಸಿಕನ್ ಮೂಲದವರನ್ನು ರೈಲು ಹತ್ತಿಸಿ ಗಡಿಯಾಚೆ ಕಳಿಸಲಾಯಿತು. ಅವರಲ್ಲಿ ದೊಡ್ಡ ಸಂಖ್ಯೆಯವರು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಮಹಾಗೋಡೆ ಇದನ್ನು ಚಿತ್ರಿಸಿ ಎರಡು ದಶಕ ಕಳೆದ ಮೇಲೆ, 2005ರಲ್ಲಿ, ಕ್ಯಾಲಿಫೋರ್ನಿಯಾ ಶಾಸನದ ಮೂಲಕ ಕ್ಷಮೆ ಕೇಳಿತು. ಅಂದರೆ ರಾಜ್ಯ ಒಪ್ಪಿಕೊಳ್ಳುವ ಮೊದಲೇ ಗೋಡೆ ಒಪ್ಪಿಸಿತ್ತು. 2025ರ ಜೂನ್‌ನಲ್ಲಿ ವಲಸೆ ಅಧಿಕಾರಿಗಳು ಲಾಸ್ ಏಂಜಲೀಸಿನಲ್ಲಿ ದಾಳಿಗಳನ್ನು ನಡೆಸಿ, ಪ್ರತಿಭಟನೆ ಎದ್ದಾಗ ರಾಜ್ಯಪಾಲರ ವಿರೋಧದ ನಡುವೆಯೂ ನ್ಯಾಷನಲ್ ಗಾರ್ಡ್ ಪಡೆ ನಗರಕ್ಕಿಳಿದ ಮೇಲೆ ಈ ಭಾಗವನ್ನು ಹಳೆಯ ಕಥೆಯೆಂದು ನೋಡುವುದು ಯಾರಿಗೂ ಸಾಧ್ಯವಿಲ್ಲ.

ಇಂಥ ವಿಷಯಗಳನ್ನು ಗೋಡೆಗೆ ತರಲು ಹೋದ ಎಲ್ಲರಿಗೂ ದಾರಿ ಸುಗಮವಾಗಿರಲಿಲ್ಲ. ಬಾರ್ಬರಾ ಕರಾಸ್ಕೊ ಎಂಬ ಇನ್ನೊಬ್ಬ ಚಿಕಾನಾ ಕಲಾವಿದೆ 1981ರಲ್ಲಿ ನಗರದ ಮರುಅಭಿವೃದ್ಧಿ ಸಂಸ್ಥೆಗಾಗಿ ಲಾಸ್ ಏಂಜಲೀಸಿನ ಚರಿತ್ರೆಯನ್ನು ಬರೆದಾಗ ಹಲವು ದೃಶ್ಯಗಳನ್ನು ತೆಗೆಯಬೇಕೆಂದು ಸಂಸ್ಥೆ ಕೇಳಿತು. ಸಿಕೇರೋಸ್ ಅವರ ಚಿತ್ರಕ್ಕೆ ಬಿಳಿ ಬಣ್ಣ ಹೊಡೆದ ಪ್ರಸಂಗವೂ ಆ ಕೃತಿಯಲ್ಲಿತ್ತು. ಕರಾಸ್ಕೊ ಒಪ್ಪಲಿಲ್ಲ, ಚಿತ್ರ ಉಗ್ರಾಣ ಸೇರಿತು. ದಶಕಗಳ ನಂತರ ನಗರದ ನೈಸರ್ಗಿಕ ಇತಿಹಾಸ ಸಂಗ್ರಹಾಲಯ ಅದನ್ನು ಕೊಂಡು, 2024ರಿಂದ ಶಾಶ್ವತವಾಗಿ ಪ್ರದರ್ಶನಕ್ಕಿಟ್ಟಿದೆ.

ಕಾನೂನು ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯಾ 1979ರಲ್ಲೇ ಕಲಾಕೃತಿ ಸಂರಕ್ಷಣಾ ಕಾಯ್ದೆ ತಂದಿತು, 1990ರಲ್ಲಿ ಒಕ್ಕೂಟ ಸರ್ಕಾರವೂ ದೃಶ್ಯಕಲಾವಿದರ ಹಕ್ಕುಗಳ ಕಾಯ್ದೆ ಮಾಡಿತು. ಕಟ್ಟಡಕ್ಕೆ ಹಾನಿಯಾಗದಂತೆ ಕೃತಿಯನ್ನು ತೆಗೆಯಲು ಸಾಧ್ಯವಿದ್ದರೆ ಮಾಲೀಕರು ಕಲಾವಿದರಿಗೆ ನೋಟಿಸ್ ಕೊಟ್ಟು 90 ದಿನ ಕಾಯಬೇಕು. 2006ರಲ್ಲಿ ಕೆಂಟ್ ಟ್ವಿಚೆಲ್ ಅವರ ದೊಡ್ಡ ಭಿತ್ತಿಚಿತ್ರಕ್ಕೆ ಹೇಳದೆ ಕೇಳದೆ ಬಣ್ಣ ಬಳಿದ ಪ್ರಕರಣ 11 ಲಕ್ಷ ಡಾಲರ್ ಪರಿಹಾರದೊಂದಿಗೆ ಇತ್ಯರ್ಥವಾಯಿತು. ಆದರೆ ಪರಿಹಾರ ಸಿಗುವುದು ಚಿತ್ರ ಹೋದ ಮೇಲೆ. ಇನ್ನು 2002ರಿಂದ 2013ರವರೆಗೆ ಖಾಸಗಿ ಗೋಡೆಗಳ ಮೇಲೆ ಹೊಸ ಭಿತ್ತಿಚಿತ್ರ ಬರೆಯುವುದೇ ಲಾಸ್ ಏಂಜಲೀಸಿನಲ್ಲಿ ನಿಷಿದ್ಧವಾಗಿತ್ತು. ಚಿತ್ರಕ್ಕೆ ಅವಕಾಶ ಕೊಟ್ಟು ಜಾಹೀರಾತಿಗೆ ನಿರಾಕರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಜಾಹೀರಾತು ಕಂಪನಿಗಳು ಕೋರ್ಟಿಗೆ ಹೋದವು; ಹೆದರಿದ ನಗರಾಡಳಿತ ಚಿತ್ರಗಳಿಗಿದ್ದ ವಿನಾಯಿತಿಯನ್ನೇ ತೆಗೆದುಹಾಕಿತು. ಭಿತ್ತಿಚಿತ್ರಗಳ ರಾಜಧಾನಿ ಎಂದು ಹೆಸರಾದ ಊರು ಹತ್ತು ವರ್ಷಕ್ಕೂ ಹೆಚ್ಚು ಕಾಲ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು.

ಬಾಕಾ ಅವರ ಸ್ವಂತ ಕೃತಿಗಳೂ ಪಾರಾಗಲಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮೊದಲ ಬಾರಿಗೆ ಮ್ಯಾರಥಾನ್ ಓಡುವ ಅವಕಾಶ ಸಿಕ್ಕಿತು. ಅದರ ನೆನಪಿಗೆ ಅವರು ಹೆದ್ದಾರಿಯ ಗೋಡೆಯೊಂದರ ಮೇಲೆ, ಗುರಿಯ ಗೆರೆ ದಾಟುವ ಓಟಗಾರ್ತಿಯನ್ನು ಬರೆದಿದ್ದರು. 2019ರಲ್ಲಿ ಗೀಚುಬರಹ ಅಳಿಸುವ ಭರದಲ್ಲಿ ಆ ಚಿತ್ರದ ಮೇಲೆಯೇ ಬಣ್ಣ ಬಳಿಯಲಾಯಿತು.

ಇದಕ್ಕೆ ವ್ಯತಿರಿಕ್ತವಾದ ಒಂದು ಪ್ರಸಂಗವಿದೆ. ಬಾಲ್ಡ್‌ವಿನ್ ಪಾರ್ಕ್ ರೈಲು ನಿಲ್ದಾಣದಲ್ಲಿ 1993ರಲ್ಲಿ ಬಾಕಾ ರೂಪಿಸಿದ 'ದಾನ್ಸಾಸ್ ಇಂದಿಹೆನಾಸ್' ಎಂಬ ಸ್ಮಾರಕದ ಕಮಾನಿನ ಮೇಲೆ, ಅವರು ಬರುವ ಮುಂಚೆಯೇ ಚೆನ್ನಾಗಿತ್ತು ಎಂಬರ್ಥದ ಸಾಲೊಂದಿದೆ. ಸ್ಥಳೀಯ ಬಿಳಿಯ ನಿವಾಸಿಯೊಬ್ಬರು ಮೆಕ್ಸಿಕನ್ನರ ಬಗ್ಗೆ ಆಡಿದ ಮಾತನ್ನು ಬಾಕಾ ಹೆಸರು ಹಾಕದೆ ಹಾಗೆಯೇ ಕೆತ್ತಿಸಿದ್ದರು. 'ಅವರು' ಯಾರೆಂಬುದು ಓದುವವರಿಗೆ ಬಿಟ್ಟದ್ದು. 2005ರಲ್ಲಿ ವಲಸೆ ವಿರೋಧಿ ಗುಂಪೊಂದು ಇದು ಬಿಳಿಯರ ವಿರುದ್ಧದ ಬರಹವೆಂದು ಸಾರಿ, ತೆಗೆಯಬೇಕೆಂದು ಪ್ರತಿಭಟನೆಗೆ ಬಂತು. ಅವರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಊರಿನ ಜನ ಸ್ಮಾರಕದ ಪರ ನಿಂತರು, ಅದು ಉಳಿಯಿತು. ಆ ಸ್ಮಾರಕದ ಮಾತುಗಳನ್ನು ಬಾಕಾ ಊರಿನವರ ನಡುವೆ ಓಡಾಡಿಯೇ ಸಂಗ್ರಹಿಸಿದ್ದರು. ಹೆದ್ದಾರಿಯ ಓಟಗಾರ್ತಿಗೆ ದಿನವೂ ಸಾವಿರಾರು ನೋಡುಗರಿದ್ದರೂ ಎಲ್ಲರೂ ಕಾರಿನಲ್ಲಿ ಹಾದುಹೋಗುವವರು. ಕುಂಚ ಹಿಡಿದ ಕೆಲಸಗಾರ ಬಂದಾಗ ತಡೆದು ಕೇಳಲು ಅಲ್ಲಿ ಒಂದು ನೆರೆಹೊರೆ ಇರಲಿಲ್ಲ. ಎರಡು ಕೃತಿಗಳ ಗತಿಯಲ್ಲಿ ಕಾಣುವ ವ್ಯತ್ಯಾಸಕ್ಕೆ ನನ್ನ ಮಟ್ಟಿಗೆ ಇದೇ ಮುಖ್ಯ ಕಾರಣ.

ಮಹಾಗೋಡೆ ಉಳಿದದ್ದಕ್ಕೂ ಇದೇ ವಿವರಣೆ ಹೊಂದುತ್ತದೆ. ಬಿಸಿಲಿಗೆ ಮಾಸಿದ, ಪ್ರವಾಹದ ಕೆಸರು ತಾಗಿದ ಚಿತ್ರವನ್ನು ಜೀರ್ಣೋದ್ಧಾರ ಮಾಡುವ ಕೆಲಸ 2011ರಲ್ಲಿ ಮುಗಿಯಿತು. ಹದಿಹರೆಯದಲ್ಲಿ ಇಲ್ಲಿ ಕುಂಚ ಹಿಡಿದು, ಈಗ ನಡುವಯಸ್ಸು ದಾಟಿದ ಕೆಲವರು ಆ ಕೆಲಸಕ್ಕೂ ಬಂದಿದ್ದರು. 2017ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಸ್ಯಾನ್ ಡಿಯೇಗೊದ ಚಿಕಾನೊ ಪಾರ್ಕ್‌ನಲ್ಲಿ ಸೇತುವೆಯ ಕಂಬಗಳ ಮೇಲಿನ ಚಿತ್ರಗಳು ಉಳಿದದ್ದೂ ಹೀಗೆಯೇ. 1970ರಲ್ಲಿ ಪೊಲೀಸ್ ಠಾಣೆ ಕಟ್ಟಲು ಹೊರಟಿದ್ದ ಜಾಗವನ್ನು ನಿವಾಸಿಗಳು ಆಕ್ರಮಿಸಿ ಉದ್ಯಾನ ಮಾಡಿಕೊಂಡದ್ದರಿಂದ ಅದು ಇವತ್ತಿಗೂ ಅವರದೇ ಕಾವಲಿನಲ್ಲಿದೆ.

ಈಗ ನಡೆಯುತ್ತಿರುವ ವಿಸ್ತರಣೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹೊಸ ಭಾಗಗಳನ್ನು ಬಿಸಿಲಿನಲ್ಲಿ ಗೋಡೆಯ ಮೇಲೆ ನೇರವಾಗಿ ಬರೆಯುತ್ತಿಲ್ಲ. 1996ರಿಂದಲೂ ಬಾಕಾ ಕಂಪ್ಯೂಟರ್ ನೆರವಿನ ಭಿತ್ತಿಚಿತ್ರ ಪ್ರಯೋಗಾಲಯ ನಡೆಸಿದ್ದಾರೆ. ಅಜ್ಜ ಅಜ್ಜಿಯರ ವಲಸೆಯ ದಾರಿಯನ್ನು ಕುರಿತು ಡೆನ್ವರ್ ವಿಮಾನ ನಿಲ್ದಾಣಕ್ಕಾಗಿ 2000ದಲ್ಲಿ ಮುಗಿಸಿದ ಕೃತಿ ಆ ವಿಧಾನದ ಫಲ. ಈಗಿನ ಭಾಗಗಳನ್ನು ಒಳಾಂಗಣದಲ್ಲಿ ಬರೆದು ಆಮೇಲೆ ಸ್ಥಳದಲ್ಲಿ ಅಳವಡಿಸುವ ಯೋಜನೆಯಿದೆ. 2023ರ ಅಕ್ಟೋಬರ್‌ನಿಂದ ಕೆಲವು ತಿಂಗಳು ಬಾಕಾ ಮತ್ತು ಸ್ಪಾರ್ಕ್ ತಂಡದವರು ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದಲ್ಲಿ, ನೋಡಲು ಬಂದವರ ಕಣ್ಣೆದುರೇ, 1960ರ ದಶಕದ ದೃಶ್ಯಗಳನ್ನು ಬರೆದರು. ಹಳೆಯ ಗೋಡೆಯ ರೇಖಾಚಿತ್ರಗಳು ಮತ್ತು ದಾಖಲೆಗಳನ್ನು ಲ್ಯೂಕಾಸ್ ಸಂಗ್ರಹಾಲಯ 2021ರಲ್ಲಿ ಪಡೆದುಕೊಂಡಿದೆ. 2023ರ ಮಾರ್ಚ್‌ನಲ್ಲಿ ಅಧ್ಯಕ್ಷ ಬೈಡನ್ ಬಾಕಾ ಅವರಿಗೆ ರಾಷ್ಟ್ರೀಯ ಕಲಾ ಪದಕ ತೊಡಿಸಿದರು. ಇವೆಲ್ಲವೂ ತಡವಾಗಿ ಬಂದ, ಆದರೆ ನ್ಯಾಯವಾಗಿ ಸಲ್ಲಬೇಕಾದ ಗೌರವಗಳು. ಸಂಗ್ರಹಾಲಯದ ಒಳಗೆ ಬರೆದರೆ ಕಲಾವಿದರಿಗೆ ಬಿಸಿಲಿನ ಕಷ್ಟ ತಪ್ಪುತ್ತದೆ, ಎಂಬತ್ತರ ಹೊಸ್ತಿಲಿನ ಬಾಕಾ ಮೇಲ್ವಿಚಾರಣೆ ಮಾಡಬಲ್ಲರು, ಬಣ್ಣವೂ ಹದವಾಗಿ ಕೂರುತ್ತದೆ.

ಆದರೂ ನನಗೆ ಒಂದು ಆತಂಕವಿದೆ. ಸಂಗ್ರಹಾಲಯಗಳ ಪದ್ಧತಿಯಲ್ಲಿ ಕೃತಿಗೆ ಒಬ್ಬ ಕರ್ತೃ ಬೇಕು. ಫಲಕದ ಮೇಲೆ ಒಂದು ಹೆಸರು ಬೇಕು. ಮಹಾಗೋಡೆಯ ಬಲ ಇರುವುದು ಅದರಲ್ಲಿ ಕೈಯಾಡಿಸಿದ 400ಕ್ಕೂ ಹೆಚ್ಚು ಹೆಸರುಗಳಲ್ಲಿ. ನುರಿತ ಕಲಾವಿದರ ತಂಡ ಒಲಿಂಪಿಕ್ಸ್ ಗಡುವಿನೊಳಗೆ ಅಚ್ಚುಕಟ್ಟಾಗಿ ಮುಗಿಸಿಕೊಟ್ಟ ಚಿತ್ರ ನೋಡಲು ಸೊಗಸಾಗಿರಬಹುದು, ಆದರೆ ಪಕೋಯ್ಮಾ ಮತ್ತು ಅದರ ಸುತ್ತಲಿನ ಇಂದಿನ ಮಕ್ಕಳು, ದಾಳಿಗಳ ಭಯದಲ್ಲಿ ಶಾಲೆಗೆ ಹೋದ ಮಕ್ಕಳು, ಅದರಲ್ಲಿ ಬಣ್ಣ ತುಂಬದಿದ್ದರೆ ನಾಳೆ ಅದನ್ನು ತಮ್ಮದೆಂದು ಕಾಯುವವರು ಯಾರು? 1970ರ ದಶಕದಿಂದ ಈಚಿನ ಭಾಗಗಳಲ್ಲಿ ಏನೇನು ಬರಬೇಕೆಂಬ ಚರ್ಚೆಯಲ್ಲೂ, ಬಣ್ಣ ಹಚ್ಚುವ ಕೆಲಸದಲ್ಲೂ, ಕೂಲಿ ಪಡೆಯುವವರ ಪಟ್ಟಿಯಲ್ಲೂ ಆ ಮಕ್ಕಳಿಗೆ ಮೊದಲಿನಷ್ಟೇ ಜಾಗ ಇರಬೇಕು. ಅದರ ಜೊತೆಗೆ ನಗರ ಮತ್ತು ಕೌಂಟಿ ಆಡಳಿತಗಳು ನಿರ್ವಹಣೆಗೆ ಪ್ರತ್ಯೇಕ ನಿಧಿಯನ್ನು ಈಗಲೇ ಗೊತ್ತುಪಡಿಸಬೇಕು. 2028ರಲ್ಲಿ ಪ್ರವಾಸಿಗರು ಬಂದು ಹೋದ ಮೇಲೆ, ಪ್ರವಾಹದ ನೀರು ಕಾಲುವೆಗೆ ಬಂದಾಗ, ಕೆಸರು ತೊಳೆದು ಬಣ್ಣ ಸರಿಪಡಿಸುವ ಖರ್ಚು ಪ್ರತಿ ವರ್ಷವೂ ಬೀಳುತ್ತದೆ.